ಸಮುದ್ರ ಇಲಾಖೆಯ ಸರ್ವೆ

ಸರ್ಕಾರಿ ಶಾಲೆಯ ಮೇಷ್ಟರಿಗೆ ತರಬೇತಿ ಎನ್ನುವುದು ಮದುವೆಮನೆಯ ಪಂಕ್ತಿಯಲ್ಲಿ ಬರುವ ಪಾಯಸದ ಹಾಗೆ. ಬೇಕೋ ಬೇಡವೋ ಎಂದು ನಾವು ಯೋಚಿಸುವುದರೊಳಗೆ ಎಲೆಗೆ ಬಿದ್ದಿರುತ್ತದೆ. ನನ್ನ ಎಲೆಗೂ ಬೇಕಾದಷ್ಟು ಬಿದ್ದಿದೆ. ಕೈತೋಟದ ತರಬೇತಿ ಆಗಿದೆ, ಮತಯಂತ್ರದ ತರಬೇತಿ ಆಗಿದೆ, ನಲಿಯುತ್ತಾ ಕಲಿಸುವುದು ಹೇಗೆ ಎಂಬ ತರಬೇತಿಯಲ್ಲಿ ಎಲ್ಲರ ಜೊತೆ ತೂಕಡಿಸಿಯೂ ಆಗಿದೆ. ಯಾವುದಕ್ಕೂ ನಾನು ಇಲ್ಲ ಎಂದವಳಲ್ಲ. ಆದರೆ ಈ ಸಲ ಬಿದ್ದದ್ದು ಸಮುದ್ರ ವಿಜ್ಞಾನದ ತರಬೇತಿ. ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಗೆ ಹೋಗಬೇಕಾದರೂ ಯಾರದಾದರೂ ಬೈಕಿಗೆ ಕೈ ಅಡ್ಡ ಹಿಡಿಯಬೇಕಾದ ಹಳ್ಳಿಯೊಂದರ ವಿಜ್ಞಾನ ಶಿಕ್ಷಕಿ ನಾನು. ನಮ್ಮೂರಲ್ಲಿ ಸಮುದ್ರ ಇರುವುದು ಶಾಲೆಯ ನಕಾಶೆಯಲ್ಲಿ ಮಾತ್ರ. ಅದರಲ್ಲೂ ಅರಬ್ಬಿ ಸಮುದ್ರದ ಭಾಗವನ್ನು ಗೆದ್ದಲು ತಿಂದಿದೆ. "ನಮಗ್ಯಾಕೆ ಸಾರ್ ಸಮುದ್ರ?" ಎಂದು ಹೆಡ್‌ಮಾಸ್ಟರನ್ನು ಕೇಳಿದೆ. "ಹೋಗಿ ಬರ್ರಿ ಮೇಡಂ, ಮೀನೂಟ ಬಿಟ್ರೆ ಬೇರೆ ತೊಂದ್ರೆ ಏನೂ ಇರಲ್ಲ," ಎಂದು ಅವರು ಆಶೀರ್ವಾದ ಮಾಡಿ ಕಳಿಸಿದರು.

ಹೋದೆ. ಮೊದಲನೆಯ ದಿನ ಅಲೆ ಬಂದಾಗಲೆಲ್ಲ ಸೀರೆ ಎತ್ತಿ ಹಿಡಿದು ಓಡಿದೆ. ಎರಡನೆಯ ದಿನದಿಂದ ಓಡುವುದನ್ನು ಬಿಟ್ಟೆ, ಐದನೆಯ ದಿನ ಸಮುದ್ರವನ್ನು ಬಿಟ್ಟು ಬರಲು ಮನಸ್ಸೇ ಇರಲಿಲ್ಲ. ನಮಗೆ ಕಲಿಸಿದವಳು ಒಬ್ಬಳು ಕಡ್ಡಿಯಂಥ ಹುಡುಗಿ, ಲಕ್ಷ್ಮಿ ನಾಯ್ಕ ಅಂತ. ದಡದಿಂದ ನೀರಿನವರೆಗೆ ಒಂದು ಹಗ್ಗ ಎಳೆಯುವುದು, ಹಗ್ಗದುದ್ದಕ್ಕೂ ಅಲ್ಲಲ್ಲಿ ಚೌಕದ ಚೌಕಟ್ಟು ಇಡುವುದು, ಚೌಕಟ್ಟಿನೊಳಗೆ ಯಾವ ಯಾವ ಜೀವ ಇದೆ ಎಂದು ಎಣಿಸುವುದು. ಇಷ್ಟೇ ವಿದ್ಯೆ. ನೀರು ಹೆಚ್ಚೆಂದರೆ ಎಲ್ಲಿಯವರೆಗೆ ಬಂದಿತ್ತೆಂದು ತಿಳಿಯಲು ಮೇಲೆ ಸಾಲಾಗಿ ಬಿದ್ದ ಚಿಪ್ಪುಗಳನ್ನು ನೋಡಬೇಕಂತೆ. "ನೀರು ಸುಳ್ಳು ಹೇಳಬಹುದು, ಚಿಪ್ಪು ಹೇಳೋದಿಲ್ಲ ಟೀಚರ್," ಎಂದಳು. ನನಗೆ ಆ ಮಾತು ಬಹಳ ಹಿಡಿಸಿತು. ಆದರೆ ಬೀಳ್ಕೊಡುವಾಗ ಇನ್ನೊಂದು ಮಾತು ಹೇಳಿದಳು. ಕಲಿತದ್ದನ್ನು ನಾವು ಪಾಠದಲ್ಲಿ ಹೇಗೆ ಬಳಸುತ್ತೇವೆಂದು ನೋಡಲು ಬೇಸಿಗೆಯೊಳಗೆ ಅವಳು ಒಬ್ಬೊಬ್ಬರ ಶಾಲೆಗೂ ಬರುತ್ತಾಳಂತೆ! ಮಂಗಳೂರು, ಉಡುಪಿ ಕಡೆಯ ಮೇಷ್ಟರುಗಳು ಹಾಯಾಗಿ ತಲೆಯಾಡಿಸಿದರು. ನಾನು ಬಸ್ಸಿನಲ್ಲಿ ಘಾಟಿ ಹತ್ತುವಷ್ಟು ಹೊತ್ತೂ, ಸೊರಬ ತಾಲ್ಲೂಕಿಗೆ ಸಮುದ್ರವನ್ನು ಎಲ್ಲಿಂದ ತರುವುದಪ್ಪಾ ಎಂದು ಚಿಂತೆ ಮಾಡುತ್ತಾ ಕುಳಿತಿದ್ದೆ.

ತಂದದ್ದು ಒಂದು ಚೀಲ ಚಿಪ್ಪು, ಶಂಖ ಮತ್ತು ಒಂದು ಒಣಗಿದ ನಕ್ಷತ್ರಮೀನು. ನಮ್ಮದು ಬೆಳಿಗ್ಗೆ ಲಿಂಗಪೂಜೆ ಆಗದೆ ಒಲೆ ಹಚ್ಚದ ಮನೆ. ಅತ್ತೆ ಗಿರಿಜಮ್ಮನವರ ಮೂಗಂತೂ ಪಕ್ಕದ ಮನೆಯ ಒಗ್ಗರಣೆಯಲ್ಲಿ ಇಂಗು ಕಡಿಮೆಯಾದರೂ ಹೇಳಬಲ್ಲ ಮೂಗು. ಚೀಲ ಇನ್ನೂ ಹೊಸ್ತಿಲು ದಾಟಿರಲಿಲ್ಲ. "ಏನೇ ಶೈಲಾ ಅದು, ಸತ್ತಿದ್ದಾ?" ಎಂದರು. "ವಿಜ್ಞಾನ ಅತ್ತೆ," ಎಂದೆ. "ವಿಜ್ಞಾನ ಹಿಂಗ್ ನಾರ್ತದಾ? ಕೊಟ್ಟಿಗೆಯಾಗಿಡು. ಎಮ್ಮೆಗೆ ಬ್ಯಾಡ ಅನ್ಸಿದ್ರೆ ಅದೂ ಇಲ್ಲ." ಎಮ್ಮೆ ಪಾಪ ಏನೂ ಅನ್ನಲಿಲ್ಲ. ಆದರೆ ಬೀದಿನಾಯಿಯೊಂದು ಆ ರಾತ್ರಿಯೇ ನಕ್ಷತ್ರಮೀನನ್ನು ಕಚ್ಚಿಕೊಂಡು ಹೋಗಿ, ಬೆಳಗಾಗುವುದರೊಳಗೆ ನಮ್ಮೂರಿನ ಇತಿಹಾಸದಲ್ಲಿ ಸಮುದ್ರದ ಊಟ ಮಾಡಿದ ಮೊದಲ ನಾಯಿ ಎನಿಸಿಕೊಂಡಿತು.

ಉಳಿದ ಚಿಪ್ಪು ಹಿಡಿದುಕೊಂಡು ಏಳನೇ ತರಗತಿಗೆ ಹೋದೆ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ ಎಂದೆ. ಮುಂದಿನ ಬೆಂಚಿನ ಕಾವ್ಯ ಕೈ ಎತ್ತಿದಳು. "ತೂಬು ಯಾರು ಎತ್ತಾರೆ ಮೇಡಂ?" ಕೆರೆಯ ನೀರು ಕುಡಿದು ಬೆಳೆದ ಮಗು, ಇನ್ನೇನು ಕೇಳೀತು! "ತೂಬಿಲ್ಲ ಕಣೇ, ಎಲ್ಲ ಚಂದ್ರನಿಂದ ಆಗೋದು," ಎಂದೆ. ಅವಳು ಸ್ವಲ್ಪ ಯೋಚಿಸಿ, "ಹಂಗಾದ್ರೆ ಚಂದ್ರ ಸಮುದ್ರದ ನೀರಗಂಟಿ," ಎಂದಳು. ಊರಿನ ಹೊಲಗಳಿಗೆ ಸರದಿಯ ಮೇಲೆ ನೀರು ಬಿಡುವವನನ್ನು ನಾವು ನೀರಗಂಟಿ ಎನ್ನುತ್ತೇವೆ. ಇಡೀ ತರಗತಿಗೆ ಒಮ್ಮೆಲೇ ಅರ್ಥವಾಗಿಬಿಟ್ಟಿತು. ಐದು ದಿನ ಕುಳಿತು ಕೇಳಿದ ನನಗೂ ಅಷ್ಟು ಚೆನ್ನಾಗಿ ಅರ್ಥವಾಗಿದ್ದು ಆಗಲೇ! ಖುಷಿಯಿಂದ ಪಾಠವನ್ನು ಅಲ್ಲಿಗೇ ನಿಲ್ಲಿಸಿ ಹೊರಗೆ ಬಂದರೆ ಎದುರಿಗೆ ನಮ್ಮೂರ ಕೆರೆ. ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಸಮುದ್ರ ದಿನಕ್ಕೆರಡು ಸಲ ಮಾಡುವ ಕೆಲಸವನ್ನು ನಮ್ಮ ಕೆರೆ ವರ್ಷಕ್ಕೊಂದು ಸಲ ನಿಧಾನವಾಗಿ, ಸರ್ಕಾರಿ ಕೆಲಸದ ಹಾಗೆ ಮಾಡುತ್ತದೆ. ಅಷ್ಟೇ ವ್ಯತ್ಯಾಸ. ಲಕ್ಷ್ಮಿಗೆ ತೋರಿಸಲು ನನ್ನ ಸಮುದ್ರ ಸಿಕ್ಕಿತು.

ಹಳೆಯ ಪೈಪು ಕೊಯ್ದು ಚೌಕಟ್ಟು ಮಾಡಿದೆವು. ಎಮ್ಮೆ ಕಟ್ಟುವ ಹಗ್ಗ, ಒಂದಿಷ್ಟು ಗೂಟ ಹೊಂದಿಸಿಕೊಂಡು ಮಕ್ಕಳೊಂದಿಗೆ ಕೆರೆಯಂಗಳಕ್ಕೆ ಇಳಿದು ಅಭ್ಯಾಸ ಶುರು ಮಾಡಿದೆ. ಕೆರೆಗೆ ಒತ್ತಿಕೊಂಡೇ ಬಸಣ್ಣನ ಮೆಕ್ಕೆಜೋಳದ ಹೊಲ. ಹಗ್ಗ ಹಿಡಿದ ಮಕ್ಕಳು, ಗೂಟ ಹೊಡೆಯುವ ಮಕ್ಕಳು, ಬರೆದುಕೊಳ್ಳುವ ಮಕ್ಕಳು, ನಡುವೆ ಕೊಡೆ ಹಿಡಿದು ನಿಂತ ನಾನು. ಬಸಣ್ಣ ದಡಬಡಿಸಿ ಬಂದ. "ಏನ್ ನಡ್ಸೀರಿ ಮೇಡಮ್ಮೋರೆ?"

"ಸಮುದ್ರ ವಿಜ್ಞಾನ, ಬಸಣ್ಣ."

"ಹೌದೌದು, ನಡೀಲಿ, ನಡೀಲಿ," ಎಂದ. ಆದರೆ ಅವನ ಕಣ್ಣು ಗೂಟದ ಮೇಲಿತ್ತು. ಹಗ್ಗ, ಗೂಟ, ಬರೆದುಕೊಳ್ಳುವವರು, ಈ ಮೂರನ್ನೂ ಒಟ್ಟಿಗೆ ಕಂಡರೆ ನಮ್ಮ ಕಡೆಯ ರೈತನಿಗೆ ಹೊಳೆಯುವುದು ಒಂದೇ: ಸರ್ವೆ. ಮರುದಿನ ಬೆಳಿಗ್ಗೆ ನೋಡಿದರೆ ಬಸಣ್ಣನ ಮುಳ್ಳುಬೇಲಿ ಹಿಂದಕ್ಕೆ ಸರಿದಿತ್ತು. ಬೇಲಿಯ ಹೊರಗೆ ಎರಡು ಸಾಲು ಜೋಳ, ಯಾರದೋ ಮಕ್ಕಳ ಹಾಗೆ ಪಿಳಿಪಿಳಿ ನೋಡುತ್ತಾ ನಿಂತಿತ್ತು.

ಆಮೇಲೆ ಶುರುವಾಯಿತು ನೋಡಿ ನನಗೆ ರಾಜಮರ್ಯಾದೆ! ದಾರಿಯಲ್ಲಿ ಬೈಕು ನಿಲ್ಲಿಸಿ "ಕೂತ್ಕಳ್ರಿ ಮೇಡಂ, ಆನವಟ್ಟಿಗೆ ಬಿಡ್ತೀನಿ" ಎನ್ನುವವರೇನು, ಮನೆಗೆ ಸೌತೆಕಾಯಿ ತಂದು ಸುರಿಯುವವರೇನು! ಒಬ್ಬರು ಹಳೆಯ ಪಹಣಿಯನ್ನೇ ಹಿಡಿದು ಶಾಲೆಗೆ ಬಂದರು. ಇದು ಸರ್ವೆ ಅಲ್ಲ, ಸಮುದ್ರದ ಪಾಠ ಎಂದು ನಾನು ಹೇಳಿದಷ್ಟೂ ಗಾಬರಿ ಹೆಚ್ಚಿತು. "ಕಂದಾಯ ಇಲಾಖೆ ಆಗಿದ್ರೆ ಹೆಂಗಾರ ಮಾತಾಡ್ಬೋದಿತ್ತು. ಇದು ಸಮುದ್ರ ಇಲಾಖೆಯಂತೆ. ಅಲ್ಲಿ ನಮಗ್ಯಾರೂ ಪರಿಚಯ ಇಲ್ಲ," ಎಂದು ಹೋಟೆಲಿನ ಮುಂದೆ ಮಾತಾಯಿತಂತೆ. ಇದರಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ನಮ್ಮ ಅತ್ತೆ. "ಕೆರೆ ನುಂಗಿದೋರಿಗೆ ಹಂಗೇ ಆಗ್ಬೇಕು. ನೀ ಬಿಡಬ್ಯಾಡ," ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಚಿಪ್ಪಿನ ಚೀಲ ಕೊಟ್ಟಿಗೆಯಿಂದ ಜಗಲಿಗೆ ಬಡ್ತಿ ಪಡೆಯಿತು.

ಲಕ್ಷ್ಮಿ ನಾಯ್ಕ ಬಂದ ದಿನ ಕೆರೆ ಏರಿಯ ಮೇಲೆ ಊರಿಗೆ ಊರೇ ಕುಳಿತಿತ್ತು. ಮುಂದಿನ ಸಾಲಿನಲ್ಲಿ ಅತ್ತೆ, ಇಳಕಲ್ ಸೀರೆ ಉಟ್ಟು. ಮಕ್ಕಳು ಏನು ಚೆನ್ನಾಗಿ ಮಾಡಿದರು ಅಂತೀರಿ! ಚೌಕಟ್ಟು ಇಟ್ಟರು, ಏಡಿಯ ಬಿಲ ಎಣಿಸಿದರು, ಕಪ್ಪೆಮರಿ ಎಣಿಸಿದರು, ಚಂದ್ರ ಹೇಗೆ ನೀರಗಂಟಿ ಎಂದು ವಿವರಿಸಿದರು. ಲಕ್ಷ್ಮಿಯ ಮುಖ ಅರಳಿತು. "ಹಾಗಾದ್ರೆ ನಿಮ್ಮ ಕೆರೆ ತುಂಬಿದಾಗ ನೀರು ಎಲ್ಲಿವರೆಗೆ ಬರ್ತದೆ, ಹುಡುಕ್ತೀರಾ?" ಎಂದಳು. ಮಕ್ಕಳು ಕೆರೆಯ ಬಸವನಹುಳುವಿನ ಬಿಳಿ ಚಿಪ್ಪುಗಳ ಸಾಲು ಹಿಡಿದು ಹೊರಟರು. ಏರಿಯ ಮೇಲೆ ಕುಳಿತವರೆಲ್ಲ ಕತ್ತು ಚಾಚಿದರು. ಸಾಲು ಬಸಣ್ಣನ ಆ ಅನಾಥ ಜೋಳಕ್ಕಿಂತ ಎಷ್ಟೋ ಕೆಳಗೇ ಹಾದುಹೋಯಿತು. "ಅಯ್ಯೋ ಶಿವನೇ, ಅದು ನಂದೇ ಅಲ್ಲೇನ್ರೀ!" ಎಂದು ಬಸಣ್ಣ ಕೂಗಿ, ಓಡಿಹೋಗಿ ಎರಡು ಸಾಲಿನ ನಡುವೆ ನಿಂತುಕೊಂಡ. ಜನ ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಮಕ್ಕಳು ತಿರುಗಿದ ಕಡೆಯನ್ನೇ ನೋಡುತ್ತಿದ್ದರು.

ಅಲ್ಲಿ ನೆಲ ತಗ್ಗು. ತಗ್ಗಿನಲ್ಲಿ ಒಂದು ಬೇಲಿ, ಬೇಲಿಯೊಳಗೆ ಬದನೆ. ಅತ್ತೆಯ ಬದನೆ. ಅತ್ತೆ ಕೈಯಾರೆ ಬೆಳೆದು, ಊರಿಗೆಲ್ಲ ಹಂಚಿ, ಹೊಗಳಿಸಿಕೊಳ್ಳುವ ಬದನೆ. ಕಾವ್ಯ ಬೇಲಿಯೊಳಗೆ ನುಗ್ಗಿ ಮಣ್ಣು ಕೆದಕಿದಳು. "ಮೇಡಂ, ಇಲ್ಲಿ ರಾಶಿ ಬಿದ್ದಾವೆ!"

"ಸಾಕು ಪುಟ್ಟಿ, ಬಿಸಿಲಾಯ್ತು, ಬನ್ನಿ," ಎಂದೆ. ನನ್ನ ದನಿ ನನಗೇ ಕೇಳಲಿಲ್ಲ.

"ನೀವೇ ಹೇಳಿದ್ರಲ್ಲ ಮೇಡಂ, ಚಿಪ್ಪು ಸುಳ್ಳು ಹೇಳಲ್ಲ ಅಂತ," ಎಂದಳು ಅವಳು, ಊರಿಗೆಲ್ಲ ಕೇಳುವ ಹಾಗೆ.

ಪಾಠ ಉಳಿಸಲೋ, ಅತ್ತೆಯನ್ನು ಉಳಿಸಿಕೊಳ್ಳಲೋ ತಿಳಿಯದೆ ನಿಂತೆ. ಸಂಬಳ ಕೊಡುವುದು ಪಾಠ, ಊಟ ಹಾಕುವುದು ಅತ್ತೆ. ಅಷ್ಟರಲ್ಲಿ ಅತ್ತೆಯೇ ಎದ್ದರು. ಸೆರಗು ಸಿಕ್ಕಿಸಿಕೊಂಡು ನಿಧಾನಕ್ಕೆ ಇಳಿದು ಬಂದು, ಕಾವ್ಯಳ ಕೈಯಿಂದ ಒಂದು ಚಿಪ್ಪು ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿದರು. "ಹೌದ್ರೇ," ಎಂದರು. "ನಾನು ಹೊಸದಾಗಿ ಈ ಊರಿಗೆ ಬಂದಾಗ ಇಲ್ಲೇ ಕೊಡ ತುಂಬ್ತಿದ್ದೆ. ಇಲ್ಲೇ ಮೆಟ್ಲಿತ್ತು. ಮರ್ತೇ ಹೋಗಿತ್ತು ನೋಡು." ಆ ಮುಖದಲ್ಲಿ ಆಗ ಕಂಡ ನಗು ಕೊಡ ಹೊತ್ತ ಹೊಸ ಸೊಸೆಯದು. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು; ಧೈರ್ಯ ಬರಲಿಲ್ಲ. "ಹೊಡಿಯೇ ಗೂಟ," ಎಂದು ಅವರು ಕಾವ್ಯಳಿಗೆ ಹೇಳಿದರು. "ಆದ್ರೆ ಬದ್ನೆಕಾಯಿ ಕೊಯ್ದ ಮೇಲೆ." ಸರಿ, ಇಡೀ ಏಳನೇ ತರಗತಿ ಬದನೆ ಕೊಯ್ಯಿತು. ಬಸಣ್ಣನೂ ಕೊಯ್ದ. ಲಕ್ಷ್ಮಿ ನಾಯ್ಕ ಒಂದು ಚೀಲ ಬದನೆ ಹೊತ್ತುಕೊಂಡು, ಕರಾವಳಿಯಲ್ಲೂ ಇಷ್ಟು ಚಂದದ ಪಾಠ ನೋಡಿಲ್ಲ ಎಂದು ಹೇಳಿ ಬಸ್ಸು ಹತ್ತಿದಳು.

ಅಂದು ಸಂಜೆ ಮನೆಯಲ್ಲಿ ಎಣ್ಣೆಗಾಯಿ. ಗೆದ್ದ ಸಂತೋಷದಲ್ಲಿ ನಾನು ಲೆಕ್ಕವಿಲ್ಲದೆ ತಿನ್ನುತ್ತಿದ್ದೆ. ಅತ್ತೆ ಬಡಿಸುತ್ತಾ ತಣ್ಣಗೆ ಕೇಳಿದರು: "ಅಲ್ಲ ಶೈಲಾ, ತಾಳಗುಂದದ ಕಡೆ ನಿಮ್ಮಪ್ಪನ ಊರಾಗೂ ಒಂದು ಕೆರೆ ಐತಲ್ಲ. ನಿಮ್ಮಪ್ಪಂದು ಜೋಳ ನೀರಿನವರೆಗೂ ಇಳಿದೈತೆ, ಹೋದ ಸಲ ಹೋದಾಗ ನೋಡಿದ್ದೆ. ಹುಡುಗ್ರನ್ನ ಕರ್ಕೊಂಡು ಅಲ್ಲಿಗ್ಯಾವಾಗ ಹೋಗ್ತಿ?"

ಒಂದು ಲೋಟ ನೀರು ಕುಡಿದು, ಇದ್ದಬದ್ದ ಗಾಂಭೀರ್ಯವನ್ನೆಲ್ಲ ಮುಖಕ್ಕೆ ತಂದುಕೊಂಡೆ.

"ಅದು ಶಿಕಾರಿಪುರ ತಾಲ್ಲೂಕು, ಅತ್ತೆ," ಎಂದೆ. "ನನ್ನ ತರಬೇತಿ ಸೊರಬ ತಾಲ್ಲೂಕಿಗೆ ಮಾತ್ರ."