ದೇವರ ಹೋರಿಯ ಕೊರಳಿಗೆ ನನ್ನ ಬಲೂನು

ಅತ್ತೆ ನನ್ನನ್ನು ಕೇಳಿದರೋ ಇಲ್ಲವೋ, ಕೇಳಿದ್ದರೆ ನಾನು ತಲೆಯಾಡಿಸಿದೆನೋ ಇಲ್ಲವೋ ಎಂಬುದು ಇವತ್ತಿಗೂ ನನಗೆ ಖಾತ್ರಿಯಿಲ್ಲ. ಕೇಳಿದೆ ಎನ್ನುತ್ತಾರೆ ಅತ್ತೆ. ಆಡಿಸಿದಿರಿ ಎನ್ನುತ್ತಾಳೆ ಹೆಂಡತಿ ವಸಂತಾ. ನನಗೆ ನೆನಪಿರುವುದು ಇಷ್ಟೇ: ಆ ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಬಲೂನಿನ ಗೋಡೆಯ ದಪ್ಪದ ಬಗ್ಗೆ ಯೋಚಿಸುತ್ತಿದ್ದೆ. ವಸಂತಾಳ ಪ್ರಕಾರ ಅವತ್ತು ಮಾಡಿದ್ದು ದೋಸೆ. ಇಂಥ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ನಂಬುವುದಿಲ್ಲ. ಆದರೂ ನಡೆದದ್ದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಉಳಿದವರು ಹೇಳಲು ಶುರು ಮಾಡಿದರೆ ಅರ್ಧಕ್ಕೇ ನಗಲು ತೊಡಗುತ್ತಾರೆ.

ಬಲೂನು ಎಂದರೆ ಹುಟ್ಟುಹಬ್ಬದ್ದಲ್ಲ. ಹೃದಯದ ಕವಾಟ ಕಿರಿದಾದವರಿಗೆ ವೈದ್ಯರು ತೊಡೆಯ ರಕ್ತನಾಳದ ಮೂಲಕ ಒಂದು ಸಣ್ಣ ಕೊಳವೆಯನ್ನು ಹೃದಯದ ತನಕ ತೂರಿಸುತ್ತಾರೆ. ಅದೇ ಕ್ಯಾತಿಟರ್. ಅದರ ತುದಿಯಲ್ಲಿ ಮಡಿಸಿಟ್ಟ ಬಲೂನು ಒಳಗೆ ಹೋಗಿ ಹಿಗ್ಗಬೇಕು, ಕವಾಟವನ್ನು ಅಗಲ ಮಾಡಬೇಕು, ಮತ್ತೆ ಕುಗ್ಗಿ ಮರ್ಯಾದೆಯಿಂದ ಹೊರಗೆ ಬರಬೇಕು. ತಮಿಳುನಾಡಿನ ಕಂಬಂ ಊರಾಚೆ, ಅತ್ತೆಯವರು ಒಣದ್ರಾಕ್ಷಿ ತುಂಬಿಡುತ್ತಿದ್ದ ಗೋದಾಮಿನಲ್ಲಿ, ನಾನು ತಯಾರಿಸುತ್ತಿದ್ದದ್ದು ಈ ಬಲೂನನ್ನು.

ನನ್ನ ಬಲೂನಿಗೆ ಮೂರು ಪದರ. ಒಳಗೆ ಗಟ್ಟಿ ನೈಲಾನ್. ಹೊರಗೆ ಮೆತ್ತಗಿದ್ದು ಗೀರು ತಾಳುವ ಇನ್ನೊಂದು ಪ್ಲಾಸ್ಟಿಕ್. ಇವೆರಡೂ ತಾವಾಗಿ ಅಂಟಿಕೊಳ್ಳುವ ಜಾತಿಯಲ್ಲ, ಆದ್ದರಿಂದ ನಡುವೆ ಇಬ್ಬರನ್ನೂ ಹಿಡಿದಿಡುವ ತೆಳುವಾದ ಪದರ. ನಮ್ಮ ಮನೆಯಲ್ಲಿ ನಾನು ಮತ್ತು ಅತ್ತೆ ಒಳಗಿನ, ಹೊರಗಿನ ಪದರಗಳಾದರೆ ವಸಂತಾ ಆ ನಡುವಿನದು. ಮೂರು ಪದರದ ಕೊಳವೆಯನ್ನು ಬಿಸಿ ಅಚ್ಚಿನೊಳಗೆ ಎಳೆದು ಹಿಡಿದು ಒತ್ತಡ ಕೊಟ್ಟರೆ ಅದು ಉಬ್ಬಿ ಅಚ್ಚಿನ ಆಕಾರ ಪಡೆಯುತ್ತದೆ. ತಣಿಸಿ ತೆಗೆದರೆ ಹೆಬ್ಬೆರಳಿನಷ್ಟು ಗಾತ್ರದ, ಗಾಜಿನಂತೆ ಹೊಳೆಯುವ ಬಲೂನು. ಅಚ್ಚನ್ನು ದಿಂಡಿಗಲ್‌ನಲ್ಲಿ, ಬೀಗ ಮಾಡುವವರ ಬೀದಿಯ ಲೇತಿನಲ್ಲಿ ಕಡೆಸಿದ್ದೆ. ಉಳಿದದ್ದೆಲ್ಲ ನನ್ನದೇ ವಿನ್ಯಾಸ. ಇದನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ.

ಬಲೂನು ಒಡೆಯಬಾರದು ಎಂಬುದು ಎಲ್ಲರಿಗೂ ತಿಳಿಯುತ್ತದೆ. ಒಡೆದರೂ ಹೇಗೆ ಒಡೆಯಬೇಕು ಎಂಬುದು ಅದಕ್ಕಿಂತ ದೊಡ್ಡ ವಿಷಯ. ಉದ್ದಕ್ಕೆ ಸೀಳಿದರೆ ವೈದ್ಯರು ಹಾಗೇ ಹಿಂದಕ್ಕೆ ಎಳೆದುಕೊಳ್ಳಬಹುದು. ಬಲೂನಿನ ಸೊಂಟದ ಸುತ್ತ ಅಡ್ಡಕ್ಕೆ ಹರಿದರೆ ತುದಿಯ ತುಂಡು ರೋಗಿಯ ಹೃದಯದಲ್ಲೇ ಉಳಿದುಬಿಡಬಹುದು. ಈ ಯೋಚನೆ ಬಂದು ಊಟದ ನಡುವೆ ಎದ್ದು ಹೋಗಿ ಒಂದು ಬಲೂನು ಒಡೆದು ನೋಡಿ ಬಂದು ಅನ್ನಕ್ಕೆ ಕೈ ಹಾಕಿದ್ದೂ ಉಂಟು. ಒಡೆದದ್ದೆಲ್ಲ ಉದ್ದಕ್ಕೇ ಸೀಳಿತ್ತು. ಪ್ರತಿಯೊಂದನ್ನೂ ಅನುಮಾನಿಸು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಎಲ್ಲವನ್ನೂ ಅನುಮಾನಿಸಿದೆ, ನನ್ನ ವಿನ್ಯಾಸವೊಂದನ್ನು ಬಿಟ್ಟು.

ಕಾಲೇಜಿನ ಕೆಲಸ ಬಿಟ್ಟು ಬಂದಿದ್ದೆ. ಕೊಳ್ಳುತ್ತೇವೆ ಎಂದವರು ಚೆನ್ನೈನ ಒಂದೇ ಒಂದು ಕ್ಯಾತಿಟರ್ ಕಂಪನಿಯವರು. ಅವರ ಗುಣಮಟ್ಟದ ಆಡಿಟರ್ ಬಂದು ನೋಡಿ ಸರಿ ಎಂದರೆ ಗೋದಾಮು ಕಾರ್ಖಾನೆಯಾಗುತ್ತದೆ. ಇಲ್ಲವೆಂದರೆ ಮತ್ತೆ ದ್ರಾಕ್ಷಿ ತುಂಬಬೇಕು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರೆಲ್ಲ ನಮ್ಮವರೇ, ತಲೆಮಾರುಗಳ ಹಿಂದೆ ಇಲ್ಲಿ ಬಂದು ನೆಲೆಸಿದ ಕನ್ನಡದವರು, ಪಕ್ಕದ ಗೂಡಲೂರಿನ ಕಡೆಯ ನೆಂಟರು. ಆಡಿಟರ್ ಬರುವ ದಿನ ಬೆಳಿಗ್ಗೆ ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಆಡಿಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ದನಿ ಎತ್ತರಿಸದೆ ಮಾತಾಡುವವರು, ಅಂಥವರನ್ನು ಕಂಡರೆ ನನಗೆ ಹೆಚ್ಚು ಭಯ. ದಿಂಡಿಗಲ್ ಸ್ಟೇಷನ್‌ನಲ್ಲಿ ಕಾರಿಗೆ ಹತ್ತಿಸಿಕೊಂಡೆ. ತೇನಿ ದಾಟುವ ತನಕವೂ ಸೀಳುವ ದಿಕ್ಕಿನ ಬಗ್ಗೆ ಉಪನ್ಯಾಸ ಕೊಟ್ಟೆ. "ನನ್ನ ವಿನ್ಯಾಸದಲ್ಲಿ ಅಡ್ಡಕ್ಕೆ ಹರಿಯುವ ಪ್ರಶ್ನೆಯೇ ಹುಟ್ಟುವುದಿಲ್ಲ" ಎಂದೆ. ಅವರು ತಮಿಳಿನಲ್ಲಿ "ಸರಿ ಸಾರ್, ಪಾಕ್ಕಲಾಂ" ಎಂದರು. ನೋಡೋಣ ಎಂದರ್ಥ. ಅಲ್ಲಿಗೇ ನಾನು ಬಾಯಿ ಮುಚ್ಚಬೇಕಿತ್ತು.

ಗೌನು, ತಲೆಗೆ ಟೋಪಿ ಹಾಕಿಕೊಂಡು ಒಳಗೆ ಹೋದೆವು. ಅವರು ಬಲೂನಿನ ತಟ್ಟೆಗಳನ್ನು ಒಂದೊಂದಾಗಿ ತೆರೆದರು. ಮೊಟ್ಟೆ ಇಡುವ ತಟ್ಟೆಯ ಹಾಗೆ ಸಾಲು ಸಾಲು ಗುಂಡಿಗಳು, ಗುಂಡಿಗೊಂದು ಬಲೂನು. ಒಂದು ದಿನದ ಕೆಲಸಕ್ಕೆ ಒಂದು ತಟ್ಟೆ.

"ಸಾರ್, ಎಲ್ಲಾ ತಟ್ಟೆಯಲ್ಲೂ ಮೊದಲನೇ ಗುಂಡಿ ಖಾಲಿ ಇದೆಯಲ್ಲ?"

ನೋಡಿದೆ. ಖಾಲಿ ಇತ್ತು. ದಿನವೂ ಖಾಲಿ ಇರುತ್ತಿತ್ತು. ಅದು ತಟ್ಟೆ ಹಿಡಿದುಕೊಳ್ಳಲು ಹೆಬ್ಬೆರಳಿಗೆ ಬಿಟ್ಟ ಜಾಗ ಎಂದು ನಾನು ಇಷ್ಟು ಕಾಲ ಭಾವಿಸಿದ್ದೆ.

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. "ಅದನ್ನು ಬಿಸಾಕುತ್ತೇವೆ ಮೇಡಂ" ಎಂದೆ.

"ಬಿಸಾಕಿದ್ದು ಎಲ್ಲಿದೆ?"

ಬುಟ್ಟಿ ತೋರಿಸಿದೆ. ಅವರು ಬರುತ್ತಾರೆಂದು ಹಿಂದಿನ ದಿನವೇ ನಾನು ಅದನ್ನು ತೊಳೆಸಿ ಇಟ್ಟಿದ್ದೆ. ಪಳಪಳ ಹೊಳೆಯುತ್ತಿತ್ತು.

"ಅಂದರೆ, ಒಡೆದು ಪರೀಕ್ಷೆ ಮಾಡುತ್ತೇವೆ" ಎಂದು ತಿದ್ದಿದೆ.

"ಒಡೆದ ತುಂಡುಗಳನ್ನು ತೋರಿಸಿ."

ತುಂಡುಗಳ ಡಬ್ಬಿ ತಂದೆ. ಅದರೊಳಗಿನ ಸಂಖ್ಯೆಯ ಚೀಟಿಗಳಲ್ಲಿ ಮೊದಲನೆಯದು ಒಂದೂ ಇರಲಿಲ್ಲ. ಅವರು ಡಬ್ಬಿ ಮುಚ್ಚಿ ನನ್ನನ್ನು ನೋಡಿದರು. ಅವರು ಏನು ಯೋಚಿಸುತ್ತಿದ್ದಾರೆಂದು ತಿಳಿಯುತ್ತಿತ್ತು: ಈ ಮನುಷ್ಯ ಕೆಟ್ಟ ಬಲೂನುಗಳನ್ನು ಬಚ್ಚಿಡುತ್ತಾನೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಯೋಚಿಸುತ್ತಿದ್ದೆ. ಬೆವರು ಟೋಪಿಯಿಂದ ಇಳಿದು ಕನ್ನಡಕದ ಮೇಲೆ ಬಿತ್ತು.

"ವಸಂತಾ" ಎಂದು ಕೂಗಿದೆ. ಹೆಂಗಸರ ಕೆಲಸದ ಉಸ್ತುವಾರಿ ಅವಳದು.

"ಏನುಂಗ?" ಎನ್ನುತ್ತಾ ಬಂದಳು.

"ಮೊದಲನೇ ಬಲೂನು ಎಲ್ಲಿ ಹೋಗುತ್ತೆ?"

"ಶಾಮಿಗೆ" ಎಂದಳು, ಗೊತ್ತಿದ್ದೂ ಕೇಳುತ್ತಿದ್ದೀರಲ್ಲ ಎನ್ನುವ ಹಾಗೆ.

ನಮ್ಮವರಲ್ಲಿ ಮೊದಲನೆಯದು ಯಾವುದೂ ನಮ್ಮದಲ್ಲ. ಮೊದಲ ಕರು, ಮೊದಲ ಹಾಲು, ಮೊದಲ ದ್ರಾಕ್ಷಿ ಗೊಂಚಲು ಎಲ್ಲವೂ ತೊಳುವಿಗೆ ಸಲ್ಲಬೇಕು. ತೊಳು ಎಂದರೆ ನಮ್ಮ ಕುಲದ ದೇವರ ದನಗಳ ದೊಡ್ಡಿ. ಅಲ್ಲಿನ ಹಿರಿಯ ಹೋರಿಯೇ ನಮಗೆ ದೇವರು, ಶಾಮಿ. ಇಷ್ಟು ನನಗೂ ಗೊತ್ತಿತ್ತು. ನೈಲಾನ್ ಕೂಡ ಈ ಕಟ್ಟಳೆಗೆ ಸೇರುತ್ತದೆ ಎಂಬುದು ಮಾತ್ರ ಹೊಸದು.

ಅಷ್ಟರಲ್ಲಿ ಅತ್ತೆಯೇ ಬಂದರು. ಅಚ್ಚಿನ ಪಕ್ಕದಲ್ಲಿ ಕೂತು ದಿನದ ಮೊದಲ ಬಲೂನು ಎತ್ತಿಡುವುದು ಅವರ ಕೆಲಸವಂತೆ. ಕೆಲಸ ನೋಡಿಕೊಳ್ಳಲು ಕೂತಿದ್ದಾರೆ ಎಂದು ನಾನು ತಿಳಿದಿದ್ದೆ.

"ನಾ ಕೇಳ್ದೆ ಅಲ್ಲ ಮಾಪ್ಳೆ? ಮೊದಲ್ನೇದು ಶಾಮಿಗೆ ಎತ್ತಿಡ್ಲಾ ಅಂದೆ. ನೀವು ಆಮಾ ಅಂತ ತಲೆ ಆಡಿಸಿದ್ರಿ." ಮಾಪ್ಳೆ ಎಂದರೆ ಅಳಿಯ, ಆಮಾ ಎಂದರೆ ಹೌದು.

"ಅತ್ತೆ, ಇದು ಕರು ಅಲ್ಲ, ಬಲೂನು."

"ಎದೆಗೆ ಹೋಗೋ ಸಾಮಾನು ಅಂದೋರು ನೀವೇ. ಶಾಮಿಗೆ ಕೊಡ್ದೆ ಮನುಷ್ಯರ ಎದೆಗೆ ಹಾಕಾಕೆ ಆಯ್ತದಾ?"

ಇದನ್ನು ಆಡಿಟರ್‌ಗೆ ಗುಣಮಟ್ಟದ ಭಾಷೆಯಲ್ಲಿ ಹೇಳಬೇಕಲ್ಲ. "ಮೇಡಂ, ಮೊದಲ ಮಾದರಿಗಳನ್ನು ಹೊರಗಿನ ಒಂದು ಸಂಗ್ರಹಾಗಾರದಲ್ಲಿ ಕಾಯ್ದಿರಿಸಲಾಗಿದೆ" ಎಂದೆ.

"ಒಳ್ಳೆಯದು. ಹೋಗಿ ನೋಡೋಣ" ಎಂದು ಅವರು ಚೀಲ ಎತ್ತಿಕೊಂಡರು.

ಕಾರಿನಲ್ಲಿ ಅತ್ತೆ ಮುಂದೆ ಕೂತರು, ಆಡಿಟರ್ ಮತ್ತು ವಸಂತಾ ಹಿಂದೆ. ತೊಳುವಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಾಗಲೇ ಗೊತ್ತಾದದ್ದು, ಗಾಬರಿಯಲ್ಲಿ ನಾನು ನೀಲಿ ಗೌನು, ಟೋಪಿ ತೆಗೆಯದೇ ಬಂದಿದ್ದೇನೆ ಎಂದು. ದನಗಳು ಮೇವು ನಿಲ್ಲಿಸಿ ನನ್ನನ್ನು ನೋಡಿದವು.

ನಡುವೆ ಹಿರಿಯ ಹೋರಿ ನಿಂತಿತ್ತು. ಕೊರಳಲ್ಲಿ ಗಂಟೆ, ಗಂಟೆಯ ಪಕ್ಕದಲ್ಲಿ ಅರಿಸಿನದ ದಾರಕ್ಕೆ ಪೋಣಿಸಿದ ನನ್ನ ಮೂರು ಪದರದ ಬಲೂನುಗಳು. ಬಿಸಿಲಿಗೆ ಮಿಣಿಮಿಣಿ ಮಿನುಗುತ್ತಿದ್ದವು. ನನ್ನ ವಿನ್ಯಾಸ ಅಷ್ಟು ಚೆನ್ನಾಗಿ ಕಂಡದ್ದು ಅದೇ ಮೊದಲು.

"ಇದು ಸಂಗ್ರಹಾಗಾರ" ಎಂದು ಆಡಿಟರ್ ನಿಧಾನವಾಗಿ ಹೇಳಿದರು. ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ.

"ಬಿಚ್ಚಿಕೊಡಿ" ಎಂದೆ, ದನ ಕಾಯುವ ಪೂಜಾರಿಗೆ.

ಆತ ವಯಸ್ಸಾದವನು. "ಶಾಮಿಗೆ ಕಟ್ಟಿದ್ದು ಬಿಚ್ಚಂಗಿಲ್ಲೆ" ಎಂದ. "ಯಾರು ನೀವು, ಆಸ್ಪತ್ರೆಯೋರಾ?"

"ನಮ್ಮ ಅಳಿಯ" ಎಂದರು ಅತ್ತೆ, ಸ್ವಲ್ಪ ಸಂಕೋಚದಿಂದಲೇ.

ನಾನೇ ಬಿಚ್ಚಿಕೊಳ್ಳುತ್ತೇನೆ ಎಂದು ಮುಂದೆ ಹೋದೆ. ಹೋರಿ ಕತ್ತು ಚಾಚಿ ನನ್ನ ಟೋಪಿಯನ್ನು ಬಾಯಿಗೆ ತೆಗೆದುಕೊಂಡು ಜಗಿಯತೊಡಗಿತು. ಹಿಂದೆ ಸರಿದೆ. ಸರಿದ ಜಾಗದಲ್ಲಿ ಸಗಣಿ ಇತ್ತು. ಗೌನಿನ ಅಂಚು ಅದರಲ್ಲಿ ನೆನೆಯಿತು. ಸ್ವಚ್ಛ ಕೊಠಡಿಯ ಶಿಸ್ತಿನ ಬಗ್ಗೆ ಬೆಳಿಗ್ಗೆ ಕಾರಿನಲ್ಲಿ ಆಡಿದ ಮಾತುಗಳೆಲ್ಲ ನೆನಪಾದವು, ದುರದೃಷ್ಟವಶಾತ್ ಇವು ಮಾತ್ರ ಸರಿಯಾಗಿ.

ಕೊನೆಗೆ ಆಡಿಟರ್ ಕೈಮುಗಿದು ಅತ್ತೆಯನ್ನು ಕೇಳಿದರು: "ಅಮ್ಮಾ, ಶಾಮಿಯನ್ನೇ ಕೇಳಿ ನೋಡ್ತೀರಾ? ಇದು ರೋಗಿಗಳ ಜೀವದ ವಿಷಯ."

ಅತ್ತೆ ಸೆರಗು ಸರಿ ಮಾಡಿಕೊಂಡು ಹೋರಿಯ ಮುಂದೆ ನಿಂತರು. "ಶಾಮಿ, ಈ ಕಣ್ಣು ಅಷ್ಟು ದೂರದಿಂದ ಬಂದೈತೆ. ನೀ ಕೊಟ್ರೆ ತಗೊಂಡು ಹೋಯ್ತೀವಿ. ಕೊಡ್ತೀಯಾ?" ಕಣ್ಣು ಎಂದದ್ದು ಆಡಿಟರ್ ಬಗ್ಗೆ, ಮುದ್ದಿನಿಂದ.

ಹೋರಿ ತಲೆಯಾಡಿಸಿತು. ನೊಣ ಓಡಿಸಲು ಆಡಿಸಿತು ಎಂಬುದು ನನ್ನ ಅಭಿಪ್ರಾಯ, ಅದನ್ನು ಅಲ್ಲೇ ಹೇಳಿಯೂಬಿಟ್ಟೆ.

"ನೀವೂ ಇಂಗೇ ಆಡಿಸಿದ್ದು ಮಾಪ್ಳೆ" ಎಂದರು ಅತ್ತೆ.

ವಸಂತಾ ಮುಖ ಆ ಕಡೆ ತಿರುಗಿಸಿದಳು. ಭುಜ ಕುಲುಕುತ್ತಿತ್ತು. ಪೂಜಾರಿ ದಾರ ಬಿಚ್ಚಿಕೊಟ್ಟ.

ಗೋದಾಮಿಗೆ ಬಂದು ಬಲೂನುಗಳನ್ನು ತೊಳೆದು ಪರೀಕ್ಷೆಯ ತೊಟ್ಟಿಗೆ ಇಳಿಸಿದೆವು. ಮೈಬಿಸಿಯಷ್ಟು ಬೆಚ್ಚಗಿನ ನೀರು, ಒಳಗಿನಿಂದ ಏರುವ ಒತ್ತಡ. ಹೆಂಗಸರೆಲ್ಲ ಗಾಜಿನಾಚೆ ನಿಂತಿದ್ದರು. ಪಟ್ ಎಂದಿತು. ಆಡಿಟರ್ ಚಿಮುಟದಲ್ಲಿ ಎತ್ತಿ ಹಿಡಿದರು. ಎರಡು ತುಂಡು. ಸೊಂಟದ ಸುತ್ತ ಅಡ್ಡಕ್ಕೆ ಹರಿದಿತ್ತು.

ಇನ್ನೊಂದು. ಅದೂ ಅಡ್ಡಕ್ಕೆ. ಆಮೇಲಿನದೂ ಅಡ್ಡಕ್ಕೆ.

ಹುಟ್ಟುವುದಿಲ್ಲ ಎಂದಿದ್ದ ಪ್ರಶ್ನೆ ನೀರಿನಲ್ಲಿ ತೇಲುತ್ತಿತ್ತು. "ಬಿಸಿಲು ಮೇಡಂ" ಎಂದೆ. "ಬಿಸಿಲಿಗೆ ಹೊರಗಿನ ಪದರ ಕೆಟ್ಟಿದೆ. ಹೋರಿಯ ಜೊಲ್ಲು ಕೂಡ ಇರಬಹುದು. ಅದರ ಬಗ್ಗೆ ಸಂಶೋಧನೆ ನಡೆದಿಲ್ಲ."

"ಹಾಗಾದರೆ ಈಗಲೇ ಹೊಸದು ಮಾಡಿ. ಯಂತ್ರ ಬೆಳಿಗ್ಗೆಯಿಂದ ತಣ್ಣಗೇ ಇದೆಯಲ್ಲ, ಇವತ್ತಿನ ಮೊದಲನೆಯದೇ ಬರಲಿ."

ಯಂತ್ರ ಶುರು ಮಾಡಿದೆವು. ಅಚ್ಚು ಸಿದ್ಧವಾಗಿದೆ ಎಂದು ಮೀಟರ್ ತೋರಿಸಿತು. ಮೊದಲ ಬಲೂನು ಹೊರಬಂತು. ಅತ್ತೆಯ ಕೈ ರೂಢಿಯಂತೆ ಮುಂದೆ ಚಾಚಿತು, ಆಡಿಟರನ್ನು ನೋಡಿ ನಿಂತಿತು. ತೊಟ್ಟಿಗೆ ಇಳಿಸಿದೆವು. ಅಡ್ಡಕ್ಕೆ ಹರಿಯಿತು. ಎರಡನೆಯದು ಉದ್ದಕ್ಕೆ ಸೀಳಿತು. ಮೂರನೆಯದೂ ಉದ್ದಕ್ಕೆ. ಆಮೇಲೆ ಆಡಿಟರ್ ತಟ್ಟೆಗಳಿಂದ ತಮಗೆ ಬೇಕಾದ್ದನ್ನು ಆರಿಸಿ ಆರಿಸಿ ಒಡೆದರು. ಎಲ್ಲವೂ ಉದ್ದಕ್ಕೆ.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ದಿನದ ಮೊದಲ ಬಲೂನು ಪ್ರತಿ ಸಲವೂ ಕೊಲೆಗಡುಕ. ಅದು ತಟ್ಟೆಗೆ ಬಾರದಂತೆ ಇಷ್ಟು ದಿನ ತಡೆದದ್ದು ಒಂದು ಹರಕೆ. ಅತ್ತೆಗೂ ಅದು ಗೊತ್ತಿರಲಿಲ್ಲ, ಹೋರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ಒಂದು ದಿನ ಅತ್ತೆಗೆ ಜ್ವರ ಬಂದು ಕೂರಲು ಆಗದೆ ಹೋಗಿದ್ದರೆ? ಈಗಲೂ ಊಟದ ನಡುವೆ ಈ ಪ್ರಶ್ನೆ ಬರುತ್ತದೆ.

ಆಡಿಟರ್ ಒಡೆದ ತುಂಡುಗಳನ್ನು ಮೇಜಿನ ಮೇಲೆ ಎರಡು ಸಾಲಾಗಿ ಜೋಡಿಸಿದರು. ಹೆಂಗಸರು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಕೊನೆಗೆ ಆಡಿಟರ್ ಕೇಳಿದ್ದು ಅತ್ತೆಯನ್ನು.

"ಅಮ್ಮಾ, ಎಂದಾದರೂ ಮರೆತಿದ್ದೀರಾ?"

"ಶಾಮಿದು ಮರೆಯಾಕೆ ಆಯ್ತದಾ ಕಣ್ಣು? ನನಗೆ ಮೈ ಸರಿಯಿಲ್ಲೆ ಅಂದ್ರೆ ವಸಂತಾ ಎತ್ತಿಡ್ತಾಳೆ. ಅವಳೂ ಇಲ್ಲೆ ಅಂದ್ರೆ ಇವರೆಲ್ಲ ಅವರೆ." ಗಾಜಿನಾಚೆಯ ಹೆಂಗಸರೆಲ್ಲ ಒಟ್ಟಿಗೆ ತಲೆಯಾಡಿಸಿದರು.

ಒಪ್ಪಿಗೆ ಸಿಕ್ಕಿತು. ಎರಡು ಷರತ್ತು: ದಿನದ ಮೊದಲ ಬಲೂನುಗಳನ್ನು ಬೇರೆ ತೆಗೆದು, ಯಾವ ಕಾರಣಕ್ಕೂ ಕಾರ್ಖಾನೆಗೆ ಮರಳಿ ಬಾರದಂಥ ಜಾಗಕ್ಕೆ ಕಳಿಸಬೇಕು, ಮತ್ತು ಅವು ಹಾಗೆ ಹರಿಯುವ ಕಾರಣವನ್ನು ನಾನು ಪತ್ತೆ ಮಾಡಿ ತಿಳಿಸಬೇಕು. ಜಾಗದ ವಿಷಯದಲ್ಲಿ ಅವರಿಗೆ ಅನುಮಾನವಿರಲಿಲ್ಲ. "ಆ ಪೂಜಾರಿ ಸುಲಭಕ್ಕೆ ಬಿಡುವವರಲ್ಲ" ಎಂದರು. ಹೊರಡುವಾಗ ಅತ್ತೆಯ ಕಾಲಿಗೆ ನಮಸ್ಕರಿಸಿದರು. ನನಗೆ, ಗೌನು ಒಗೆಸಿ ಸಾರ್, ಎಂದರು.

ಕಾರಣ ಹುಡುಕಲು ನಾನು ಪ್ಲಾಸ್ಟಿಕ್‌ನ ತೇವ ಅನುಮಾನಿಸಿದೆ, ದಿಂಡಿಗಲ್‌ನ ಲೇತು ಅನುಮಾನಿಸಿದೆ, ನಡುವಿನ ಪದರವನ್ನು ಅನುಮಾನಿಸಿದೆ. ಆ ಕೊನೆಯದನ್ನು ವಸಂತಾ ತನ್ನ ಮೇಲೆ ತೆಗೆದುಕೊಂಡು ಎರಡು ದಿನ ಮಾತು ಬಿಟ್ಟಳು. ಅವತ್ತು ನಡೆದದ್ದರಲ್ಲಿ ಎಷ್ಟು ನಿಜ, ಎಷ್ಟು ಆಮೇಲೆ ಮನೆಯವರು ಹೇಳಿ ಹೇಳಿ ನನ್ನ ತಲೆಗೆ ಹೊಕ್ಕದ್ದು ಎಂದು ಹೇಳಲಾರೆ. ಹೋರಿ ಜಗಿದದ್ದು ಟೋಪಿಯನ್ನೋ ಕೈಗವಸನ್ನೋ ಎಂಬ ಬಗ್ಗೆಯೂ ಮನೆಯಲ್ಲಿ ಎರಡು ಪಕ್ಷಗಳಿವೆ.

ಒಂದು ಸಂಗತಿಯನ್ನು ಮಾತ್ರ ಬೇರೆ ಥರ್ಮಾಮೀಟರ್ ತಂದು, ಮತ್ತೆ ಮತ್ತೆ ಅಳೆದು ಖಚಿತಪಡಿಸಿಕೊಂಡಿದ್ದೇನೆ. ಮೀಟರ್ ಸಿದ್ಧ ಎನ್ನುವ ಹೊತ್ತಿಗೆ ಅಚ್ಚಿನ ಅಂಚು ಮಾತ್ರ ಕಾದಿರುತ್ತದೆ, ನಡುಭಾಗ ಇನ್ನೂ ತಣ್ಣಗಿರುತ್ತದೆ. ಹಾಗಾಗಿ ಮೊದಲ ಬಲೂನಿನ ಸೊಂಟ ಸರಿಯಾಗಿ ರೂಪುಗೊಳ್ಳುವುದಿಲ್ಲ, ಎರಡನೆಯದರ ಹೊತ್ತಿಗೆ ಅಚ್ಚು ಪೂರ್ತಿ ಕಾದಿರುತ್ತದೆ. ಮೀಟರಿಗಾಗಿ ಶಾಖ ಅಳೆಯುವ ತಂತಿಯನ್ನು ಅಂಚಿನಲ್ಲೇ ಕೂರಿಸಬೇಕೆಂದು ಲೇತಿನವನಿಗೆ ಒತ್ತಿ ಹೇಳಿದವನು ನಾನೇ.