ಕಲ್ಯಾಣ ಲೋಕಲ್ಲಿನ ನ್ಯಾಟೋ

ಬೆಳಿಗ್ಗೆ ಏಳು ನಲವತ್ತೈದು. ನ್ಯಾಟೋ ಎಂಬ ಮಿಲಿಟರಿ ಒಕ್ಕೂಟವನ್ನು ಮುಚ್ಚಿಬಿಡಬೇಕು ಎಂದು ಪುಂಡರೀಕಾಕ್ಷ ರಾಯರು ಹೇಳಿದರು. ರೈಲು ಠಾಣೆ ಸ್ಟೇಷನ್ ಮುಟ್ಟುವ ಮೊದಲೇ ಅವರ ಸೀಟು ಹೋಯಿತು.

ಸೀಟಿನ ಸಂಗತಿ ಹೀಗೆ. ಕಲ್ಯಾಣದಿಂದ ಹೊರಡುವ ಫಾಸ್ಟ್ ಲೋಕಲ್ ಡೊಂಬಿವಲಿಗೆ ಬರುವಷ್ಟರಲ್ಲಿ ತುಂಬಿರುತ್ತದೆ. ಮುಂಬಯಿಗೆ ಕುಳಿತು ಹೋಗಬೇಕೆಂದರೆ ಮೊದಲು ಉಲ್ಟಾ ಕಲ್ಯಾಣಕ್ಕೆ ಹೋಗಿ, ಗಾಡಿ ಪೂರ್ತಿ ನಿಲ್ಲುವ ಮೊದಲೇ ಒಳಗೆ ಹಾರಿ, ಅಕ್ಕಪಕ್ಕದ ಜಾಗಗಳ ಮೇಲೆ ಕರ್ಚೀಫು ಹಾಸಬೇಕು. ರಾಯರ ಗುಂಪಿನಲ್ಲಿ ಡೊಂಬಿವಲಿಯಲ್ಲಿ ಮನೆ ಮಾಡಿದ್ದ ಮೂವರಿದ್ದರು: ಗದಗ ಕಡೆಯ ಬಟ್ಟೆ ವ್ಯಾಪಾರಿ ಗುರುಪಾದಪ್ಪ, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಬ್ಯಾಂಕ್ ನೌಕರ ಸುಶ್ರುತ ಮತ್ತು ಮುಂಬಯಿಯ ಫೋರ್ಟಿನ ಹಡಗು ಕಂಪನಿಯೊಂದರಲ್ಲಿ ಹೆಡ್‌ಕ್ಲರ್ಕ್ ಆಗಿದ್ದ ರಾಯರು. ಸರದಿಯಂತೆ ಒಬ್ಬರು ಕಲ್ಯಾಣಕ್ಕೆ ಹೋಗಿ ಉಳಿದಿಬ್ಬರಿಗೆ ಜಾಗ ಹಿಡಿಯಬೇಕು ಎಂಬುದು ಒಪ್ಪಂದ. ಒಬ್ಬರ ಕರ್ಚೀಫಿನ ಮೇಲೆ ಹೊರಗಿನವನು ಕುಳಿತರೆ ಮೂವರೂ ಒಟ್ಟಿಗೆ ಜಗಳಕ್ಕೆ ನಿಲ್ಲಬೇಕು ಎಂಬುದೂ ಅದರಲ್ಲಿತ್ತು.

ರಾಯರ ಸೊಂಟದಲ್ಲಿ ಡಿಸ್ಕ್ ಜಾರಿತ್ತು. ಹೆಚ್ಚು ಹೊತ್ತು ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರು. ಕಲ್ಯಾಣಕ್ಕೆ ಹೋಗಬಾರದು ಎಂದು ಹೇಳಿರಲಿಲ್ಲ. ಅದನ್ನು ರಾಯರೇ ಸೇರಿಸಿಕೊಂಡಿದ್ದರು.

ಆ ದಿನ ಜಾಗ ಹಿಡಿದವರು ಗುರುಪಾದಪ್ಪ. ಅವರ ಬೆವರು ಇನ್ನೂ ಆರಿರಲಿಲ್ಲ. ಅಮೆರಿಕದ ಅಧ್ಯಕ್ಷರು ನ್ಯಾಟೋ ದೇಶಗಳ ಮೇಲೆ ಮತ್ತೆ ಗುಡುಗಿದ ಸುದ್ದಿಯನ್ನು ರಾಯರು ಕಿಟಕಿ ಪಕ್ಕ ಕುಳಿತು ಓದಿ, ಪತ್ರಿಕೆಯನ್ನು ಕೊಡವಿದರು.

“ಸರಿಯಾಗಿಯೇ ಹೇಳಿದ್ದಾರೆ ಮಾರಾಯ್ರೆ. ಯುರೋಪಿನವರು ಆರಾಮಲ್ಲಿ ಕೂತು ಕಾಫಿ ಕುಡಿಯುವುದು, ಅಮೆರಿಕದವ ಬಂದೂಕು ಹಿಡಿದು ಬಾಗಿಲಲ್ಲಿ ನಿಲ್ಲುವುದು. ಇದು ಎಂತ ಒಕ್ಕೂಟ? ಫ್ರಾನ್ಸಿನ ಅಧ್ಯಕ್ಷರೇ ಎರಡು ಸಾವಿರದ ಹತ್ತೊಂಬತ್ತರಲ್ಲಿ ಅದರ ಮಿದುಳು ಸತ್ತಿದೆ ಅಂದಿದ್ರು.”

“ಅಂದಾವ್ರು ಬಿಟ್ಟು ಹೋದ್ರೇನ್ರಿ?” ಎಂದರು ಗುರುಪಾದಪ್ಪ. “ಒಬ್ಬರ ಮ್ಯಾಲ ದಾಳಿ ಆದ್ರ ಎಲ್ಲಾರ ಮ್ಯಾಲೂ ಆಧಂಗ ಅಂತ ಐದನೇ ಕಲಮು ಐತಲ್ಲ, ಅದು ಇಲ್ಲೀತನಕಾ ಒಂದ ಸಲ ಜಾರಿ ಆಗೇತಿ. ಯಾರ ಸಲುವಾಗಿ? ಅದ ಅಮೆರಿಕಾದ ಸಲುವಾಗಿ.”

ಮೇಲಿನ ಹಿಡಿಕೆಗಳಿಗೆ ಬಾವಲಿಗಳಂತೆ ಜೋತುಬಿದ್ದಿದ್ದವರೂ ಎರಡು ಪಕ್ಷವಾದರು. “ಕಾಕಾ ಬರೋಬರ್ ಬೋಲ್ತಾಯತ್” ಎಂದು ಯಾರೋ ಮರಾಠಿಯಲ್ಲಿ ಸೈ ಅಂದರು. ಯಾವ ಕಾಕಾ ಎಂದು ಅವರು ಹೇಳಲಿಲ್ಲ. ತಮಗೇ ಅಂದದ್ದೆಂದು ರಾಯರು ತಿಳಿದು ದನಿ ಏರಿಸಿದರು.

“ತನ್ನ ಪಾಲಿನ ಕೆಲಸ ಮಾಡದವನನ್ನು ಬೇರೆಯವರು ಎಂತಕ್ಕೆ ಕಾಯುವುದು? ಅಂಥವನನ್ನು ಎಬ್ಬಿಸಿ ಹೊರಗೆ ಹಾಕಬೇಕು.”

ಸುಶ್ರುತ ಮೊಬೈಲಿನಿಂದ ತಲೆ ಎತ್ತಿದ. “ಅಂಕಲ್, ಲಾಸ್ಟ್ ಟೈಮ್ ಆಪ್ ಕಲ್ಯಾಣ್ ಕಬ್ ಗಯೇ ಥೇ?”

ರಾಯರು ಪತ್ರಿಕೆ ಮಡಚಿದರು.

“ಗಣಪತಿ ಹಬ್ಬಕ್ಕಿಂತ ಮೊದಲು ಹೋಗಿದ್ದೆನಲ್ಲ,” ಎಂದರು ರಾಯರು.

“ಅದು ಹ್ವಾದ ವರ್ಷದ ಗಣಪತಿರಿ,” ಎಂದರು ಗುರುಪಾದಪ್ಪ.

“ನನ್ನ ಸೊಂಟ…”

“ಯುರೋಪಿನಾವ್ರಿಗೂ ಏನರ ಒಂದು ಸೊಂಟ ಇದ್ದ ಇರ್ತೈತ್ರಿ. ಏಳ್ರಿ ರಾಯರ.”

ರಾಯರು ಎದ್ದರು. ಅವರ ನೆರಳು ಸೀಟು ಬಿಡುವ ಮೊದಲೇ ಅಲ್ಲಿ ದಢೂತಿ ಆಸಾಮಿಯೊಬ್ಬ ಇಳಿದಿದ್ದ. ಜನ ಅವರನ್ನು ಬಾಗಿಲ ಕಡೆ ತಳ್ಳುತ್ತ ಹೋದರು. ಠಾಣೆಯಲ್ಲಿ ಇಳಿಯುವವರ ಅಲೆ ಅವರನ್ನು ಸೀತಾಫಲದ ಬೀಜದಂತೆ ಪ್ಲಾಟ್‌ಫಾರ್ಮಿಗೆ ಉಗಿಯಿತು. ಕನ್ನಡಕ ಸಿಕ್ಕಿತು. ಎಡಗಾಲಿನ ಚಪ್ಪಲಿಯೂ ಗುರುಪಾದಪ್ಪನವರ ತಲೆ ಮೇಲಿನ ರ್‍ಯಾಕಿನಲ್ಲಿದ್ದ ಊಟದ ಡಬ್ಬಿಯೂ ರೈಲಿನೊಂದಿಗೆ ಮುಂಬಯಿಗೆ ಹೋದವು.

ಆಫೀಸಿಗೆ ಒಂಟಿ ಚಪ್ಪಲಿಯಲ್ಲಿ ಬಂದ ಹೆಡ್‌ಕ್ಲರ್ಕರನ್ನು ಕಂಡು ಅಕೌಂಟ್ಸಿನ ಮಲ್ಲಿಕಾ ವಿಚಾರಿಸಿದಳು. ಎಲ್ಲ ಕೇಳಿದ ಮೇಲೆ, “ನಮ್ಮ ದೇಶದ್ದು ಅಲಿಪ್ತ ನೀತಿ ಅಂತ ಒಂದಿತ್ತಲ್ಲ ಸಾರ್? ಠಾಣೆ ತನಕ ಅದನ್ನ ಪಾಲಿಸಿದ್ದರೆ ಸಾಕಿತ್ತು,” ಎಂದಳು. ಅದನ್ನು ಪಕ್ಕದ ಮೇಜಿನವರು ಆಕ್ಷೇಪಿಸಿದರು. ಮಧ್ಯಾಹ್ನದ ಹೊತ್ತಿಗೆ ಅಕೌಂಟ್ಸ್ ನ್ಯಾಟೋ ವಿರೋಧ, ಬುಕಿಂಗ್ ವಿಭಾಗ ಪರ. ಮ್ಯಾನೇಜರು ಹೊರಗೆ ಬಂದು, ಇದನ್ನು ಶುರುಮಾಡಿದವರು ಯಾರು ಎಂದು ಕೇಳಿದಾಗ ಎರಡೂ ಬಣದವರು ಒಮ್ಮತದಿಂದ ರಾಯರನ್ನು ತೋರಿಸಿದರು.

ಸಂಜೆ ಅವರು ಡೊಂಬಿವಲಿವರೆಗೆ ನಿಂತೇ ಬಂದರು. ಬಾಗಿಲು ತೆರೆದ ಹೆಂಡತಿ ಊರ್ಮಿಳಾ ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿದ್ದ ಗಂಡನನ್ನು ನೋಡಿ, ನಡೆದದ್ದನ್ನೆಲ್ಲ ಹೇಳಿಸಿಕೊಂಡರು.

“ನ್ಯಾಟೋದವರು ಬಂದು ನಿಮ್ಮ ಅಭಿಪ್ರಾಯ ಕೇಳಿದ್ರಾ?”

“ಇಲ್ಲ.”

“ಹಾಗಾದ್ರೆ ಅವರ ಮನೆ ಉಸಾಬರಿ ನಿಮಗೆ ಎಂತಕ್ಕೆ? ಇನ್ನೊಂದು ದಿನ ನಿಂತರೆ ನಿಮ್ಮನ್ನು ಆಪರೇಷನ್ನಿಗೇ ಕೊಂಡುಹೋಗಬೇಕಾದೀತು. ಈಗಲೇ ಹೋಗಿ, ಅವರು ಹೇಳಿದ್ದೇ ಸರಿ ಅಂತ ಒಪ್ಪಿಕೊಂಡು ಬನ್ನಿ. ಡಬ್ಬಿಯನ್ನೂ ತನ್ನಿ.”

ರಾಯರು ಮೊಬೈಲಿನಲ್ಲಿ ನ್ಯಾಟೋ ಚರಿತ್ರೆ ಓದಿಕೊಂಡೇ ಮಾನಪಾಡಾ ರಸ್ತೆ ದಾಟಿದರು. ಗುರುಪಾದಪ್ಪನವರ ಮನೆ ಮೂರನೇ ಮಾಳಿಗೆಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಸುಶ್ರುತನೂ ಅಲ್ಲೇ ಚಹಾ ಕುಡಿಯುತ್ತಿದ್ದ. ಕೂತರೆ ಮತ್ತೆ ಏಳುವುದು ಕಷ್ಟವೆಂದು ರಾಯರು ನಿಂತೇ ಮಾತಾಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹನ್ನೆರಡು ದೇಶಗಳು ಸೇರಿ ಒಪ್ಪಂದಕ್ಕೆ ಸಹಿ ಹಾಕಿದ್ದು, ಹನ್ನೆರಡು ಮೂವತ್ತೆರಡಾದದ್ದು, ಬೈಯುವ ಅಧ್ಯಕ್ಷರು ಬಂದು ಹೋದರೂ ಒಪ್ಪಂದ ಉಳಿದದ್ದು, ಎಲ್ಲವನ್ನೂ ಹೇಳಿದರು.

“ಒಬ್ಬನೇ ನಿಂತವನನ್ನು ಲೋಕ ಎಲ್ಲಿ ಉಗಿಯುತ್ತದೆ ಅಂತ ಈವತ್ತು ನಾನು ಕಣ್ಣಾರೆ ಕಂಡೆ. ಒಕ್ಕೂಟ ಬೇಕೇ ಬೇಕು ಮಾರಾಯ್ರೆ. ನಾಳೆಯಿಂದ ಒಂದು ತಿಂಗಳು ಕಲ್ಯಾಣಕ್ಕೆ ನಾನೇ ಹೋಗ್ತೇನೆ.”

ಗುರುಪಾದಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. “ಭಾಳ ಚಲೋ ಮಾತಾಡಿದ್ರಿ. ಇದನ್ನ ಮುಂಜಾನೆ ಯಾಕ ಮಾತಾಡಲಿಲ್ಲ? ನೀವು ಠಾಣೇದಾಗ ಇಳಿದ ಮ್ಯಾಲ…”

“ಇಳಿದದ್ದಲ್ಲ, ಬಿದ್ದದ್ದು.”

“ಬಿದ್ದ ಮ್ಯಾಲ ನಾವಿಬ್ರೂ ವಿಚಾರ ಮಾಡಿದ್ವಿ. ನಿಮ್ಮ ಮಾತ ಖರೇ ಅನಸ್ತು. ಒಬ್ಬಾವ ಯಾಕ ಇನ್ನೊಬ್ಬಾವನ ಸೀಟು ಕಾಯಬೇಕು? ದಾದರ್ ಬರೂದ್ರಾಗ ಗುಂಪು ಬರಖಾಸ್ತ ಮಾಡಿದ್ವಿ.”

“ಅಂಕಲ್, ಆಪ್ಕಾ ಪಾಯಿಂಟ್ ಏಕ್‌ದಮ್ ಸಹೀ ಥಾ,” ಎಂದ ಸುಶ್ರುತ. “ಮೈನೇ ಫಸ್ಟ್ ಕ್ಲಾಸ್ ಕಾ ಪಾಸ್ ನಿಕಾಲ್ ಲಿಯಾ.”

ರಾಯರು ಗೋಡೆ ಹಿಡಿದುಕೊಂಡರು. “ನೀವು?”

“ನಾ ನಮ್ಮ ಬೋಗಿಯೊಳಗ ದಿನಾ ಹಾಡಕೋತ ಹೋಗೂ ಭಜನಿ ಮಂಡಳಿ ಸೇರೇನ್ರಿ. ಅರ್ಧಾ ಮಂದಿ ಕಲ್ಯಾಣದಾವ್ರ ಅದಾರ, ಸೀಟಿಗೆ ಬರ ಇಲ್ಲ.”

“ನನ್ನನ್ನೂ ಸೇರಿಸಿ. ತಾಳ ಹಾಕ್ತೇನೆ.”

“ನಿಮ್ಮ ಹೆಸರು ಹೇಳಿ ಕೇಳಿದೆ ರಾಯರ. ಗಾಡಿಯೊಳಗ ರಾಜಕೀಯ ಮಾತಾಡಬಾರದು ಅಂತ ಅವರ ನಿಯಮ ಐತಂತ. ಮುಂಜಾನೆ ಅವರು ನಿಮ್ಮ ಹಿಂದಿನ ಬೆಂಚಿನ್ಯಾಗ ಕುಂತಿದ್ರು.”

ರಾಯರು ಡಬ್ಬಿ ತೆಗೆದುಕೊಂಡು ಮೂರು ಮಾಳಿಗೆ ಇಳಿದರು.

ಮರುದಿನ ಅವರು ಒಬ್ಬರೇ ಕಲ್ಯಾಣಕ್ಕೆ ಹೋದರು. ಸೊಂಟ ಹಿಡಿದುಕೊಂಡು ಒಳಗೆ ಹತ್ತುವಷ್ಟರಲ್ಲಿ ಸೀಟುಗಳೆಲ್ಲ ತುಂಬಿದ್ದವು. ಡೊಂಬಿವಲಿಯ ಬದಲು ಕಲ್ಯಾಣದಿಂದಲೇ ನಿಂತು ಅವರು ಮುಂಬಯಿಗೆ ಹೋದರು.