ಎಡ ತೊಡೆಯ ಲೋಹದ ಮೂಳೆಯವರಿಗೆ ಬಡಗಿಯ ಬಿನ್ನಹ

ಮಾನ್ಯರೇ,

ನಾಲ್ಕು ವರ್ಷಗಳಿಂದ ನನ್ನ ಎಡ ತೊಡೆಯ ಕೆಳಭಾಗವನ್ನೂ ಮೊಣಕಾಲನ್ನೂ ಅಲಂಕರಿಸಿರುವ ತಮಗೆ, ಅದೇ ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿಕೊಂಡು ಕುಳಿತ ಬಡಗಿಯ ನಮಸ್ಕಾರಗಳು. ಇಟ್ಟ ಹೆಜ್ಜೆಯಲ್ಲೆಲ್ಲ ಜೊತೆಗಿದ್ದರೂ ನಾವಿಬ್ಬರೂ ಮುಖ ನೋಡಿಕೊಂಡಿಲ್ಲವಾದ್ದರಿಂದ, ಎಕ್ಸ್-ರೇಯಲ್ಲಿ ಕಂಡ ತಮ್ಮ ಬಿಳಿ ಆಕೃತಿಯನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಉಪಕಾರ ಸ್ಮರಣೆ. ಮೂಳೆಯಲ್ಲಿ ಗಡ್ಡೆ ಬೆಳೆದಾಗ ವೈದ್ಯೆ ಹದಿನೆಂಟು ಸೆಂಟಿಮೀಟರ್ ಕತ್ತರಿಸಿ ತೆಗೆದು ಆ ಜಾಗದಲ್ಲಿ ತಮ್ಮನ್ನು ಕೂರಿಸಿದರು. ಹೋಗಬೇಕಿದ್ದ ಕಾಲು ಉಳಿಯಿತು. ಹುಳ ಹಿಡಿದ ಭಾಗವನ್ನು ಕೊಯ್ದು ಹೊಸ ತುಂಡು ಸೇರಿಸುವುದು ನನ್ನ ಕಸುಬಿನಲ್ಲೂ ಉಂಟು, ಆದ್ದರಿಂದ ಆ ಕೆಲಸದ ಅಂದ ನನಗೆ ಗೊತ್ತು. ತಮ್ಮ ಆಗಮನದಿಂದ ಎಡಗಾಲು ಒಂದು ಸೆಂಟಿಮೀಟರ್ ಉದ್ದವಾಯಿತು. ಮೇಜಿನ ಕಾಲಾಗಿದ್ದರೆ ಗರಗಸ ಹಾಕುತ್ತಿದ್ದೆ; ತಮ್ಮ ಮೇಲಿನ ಗೌರವದಿಂದ ಬಲಗಾಲಿನ ಚಪ್ಪಲಿಗೆ ಹಲಗೆಯ ಚೂರು ಅಂಟಿಸಿಕೊಂಡೆ.

ಎರಡನೆಯ ವರ್ಷದಿಂದ ತಾವು ಪ್ರತಿ ಹೆಜ್ಜೆಗೂ ಟಕ್ ಎನ್ನತೊಡಗಿದಿರಿ. ಕೀಲಿನೊಳಗಿನ ಪ್ಲಾಸ್ಟಿಕ್ ಸವೆದಿದೆಯೆಂದು ವೈದ್ಯೆ ಹೇಳಿದರು. "ರೀ, ಇನ್ನು ಕದ್ದು ಮುಚ್ಚಿ ಎಲ್ಲಿಗೂ ಹೋಗೋ ಹಾಗಿಲ್ಲ ನೀವು, ಬೀದಿ ಕೊನೆಯಿಂದಲೇ ಕೇಳಿಸುತ್ತೆ" ಎಂದು ಹೆಂಡತಿ ಸಂತೋಷಪಟ್ಟಳು. ಸಂಸಾರಕ್ಕೆ ತಾವು ಮಾಡಿದ ಈ ಸೇವೆಯನ್ನೂ ಮರೆಯಲಾರೆ.

ಆದರೆ ತಮ್ಮ ಅತಿಥಿ ಸತ್ಕಾರದ ಬಗ್ಗೆ ನನ್ನ ತಕರಾರಿದೆ. ಎರಡು ತಿಂಗಳ ಹಿಂದೆ ಮೊಣಕಾಲು ಕೆಂಪಗೆ ಊದಿ ಬಿಸಿಯಾಯಿತು. ಸೂಜಿ ಹಾಕಿ ನೀರು ತೆಗೆದು ನೋಡಿದರೆ ತಮ್ಮ ಮೈಮೇಲೆ ರೋಗಾಣುಗಳು ಬಿಡಾರ ಹೂಡಿದ್ದವು. "ಜೀವ ಇರೋ ಮೂಳೆಗಾದ್ರೆ ರಕ್ತ ಔಷಧಿ ಮುಟ್ಟಿಸುತ್ತೆ. ಲೋಹದ ಮೇಲೆ ಕೂತವು ಲೋಳೆ ಹೊದ್ದು ಮಲಗಿಬಿಡ್ತವೆ" ಎಂದರು ವೈದ್ಯೆ. ಸೋಮವಾರ ತಮ್ಮನ್ನು ಹೊರತೆಗೆದು, ಔಷಧಿ ಬೆರೆಸಿದ ಸಿಮೆಂಟಿನ ದಿಂಡನ್ನು ಕೆಲವು ವಾರ ಇಡುತ್ತಾರೆ. ಸೋಂಕು ಹೋದರೆ ತಮ್ಮ ಜಾಗಕ್ಕೆ ಹೊಸಬರು. ಹೋಗದಿದ್ದರೆ ಕಾಲನ್ನೇ ತೆಗೆಯಬೇಕು. ಸೋಮವಾರದೊಳಗೆ ತಾವು ದಯಮಾಡಿ ಸ್ವಲ್ಪ ರಕ್ತ ಹರಿಸಿಕೊಳ್ಳುವುದನ್ನು ಕಲಿಯಬೇಕು, ಅದಾಗದಿದ್ದರೆ ಆ ಅತಿಥಿಗಳಿಗೆ ಎದ್ದು ಹೋಗಲು ಒಂದು ಮಾತಾದರೂ ಹೇಳಬೇಕು.

ಅವು ಒಳಗೆ ಬಂದದ್ದು ಹೇಗೆಂಬ ವಿಚಾರಣೆಯೂ ನಡೆಯಿತೆಂದು ತಮಗೆ ತಿಳಿಸುವುದು ನನ್ನ ಕರ್ತವ್ಯ. "ಹಲ್ಲು ಕೀಳಿಸಿದ್ರಾ? ಗಾಯ, ಕೀವು ಏನಾದ್ರೂ ಆಗಿತ್ತಾ?" ಎಂದು ವೈದ್ಯೆ ಕೇಳಿದಾಗ ನಾನು ಇಲ್ಲವೆಂದೆ. ಹೆಂಡತಿ ನನ್ನ ಬಲಗೈ ಹಿಡಿದು ಅವರ ಮೇಜಿನ ಮೇಲಿಟ್ಟಳು. "ಕಾಲು ಊದೋಕೆ ಮುಂಚೆ ಹೆಬ್ಬೆರಳಿಗೆ ಸಿಬಿರು ಹೊಕ್ಕು ಹತ್ತು ದಿನ ಕೀವು ಸೋರ್ತಿತ್ತು ಡಾಕ್ಟ್ರೇ, ಉಳಿ ಮೊನೆಯಲ್ಲಿ ಬಗೆದು ತೆಗೆದ್ರು. ಇವರ ಲೆಕ್ಕದಲ್ಲಿ ಅದು ಗಾಯ ಅಲ್ಲ." ಸಣ್ಣ ಗಾಯದಲ್ಲಿ ಕೀವಾದರೂ ಅದು ರಕ್ತದ ಮೂಲಕ ಲೋಹಕ್ಕೆ ತಗಲೀತು, ತಕ್ಷಣ ಬರಬೇಕೆಂದು ಆಸ್ಪತ್ರೆಯ ಚೀಟಿಯ ಮೊದಲ ಸಾಲಿನಲ್ಲೇ ಇತ್ತು. ಓದಿದ್ದೆ. ಆದರೆ ಮೂವತ್ತು ವರ್ಷ ಮರ ಕೊಯ್ದವನು ಸಿಬಿರನ್ನು ಗಾಯವೆಂದು ಹೇಳಿಕೊಂಡು ಹೋದರೆ ಜೊತೆಯ ಕೆಲಸದವರು ನಗುತ್ತಾರೆ.

ಆದ್ದರಿಂದ, ಕುಣಿಯಲಾರದವಳು ನೆಲ ಡೊಂಕು ಎಂದಳೆಂದು ತಾವು ಆಡಿಕೊಂಡರೆ ನಾನು ಎದುರಾಡುವುದಿಲ್ಲ. ಬಾಗಿಲು ತೆರೆದವನು ನಾನು; ತಾವು ಹಾಸಿಗೆ ಹಾಸಿಕೊಟ್ಟಿರಿ, ಅಷ್ಟೇ. ಸೋಮವಾರ ಹೊರಡುವಾಗ ಆ ರೋಗಾಣುಗಳನ್ನೆಲ್ಲ, ಒಂದನ್ನೂ ಬಿಡದೆ, ಜೊತೆಗೆ ಕರೆದುಕೊಂಡು ಹೋಗಬೇಕೆಂಬುದು ನನ್ನ ಕೊನೆಯ ಕೋರಿಕೆ.

ಸೋಮವಾರ ಬೆಳಿಗ್ಗೆಯವರೆಗಂತೂ ತಮ್ಮ ವಿಶ್ವಾಸಿ,
ಎರಡು ಕಾಲಿನ ಬಡಗಿ

ಮರೆತ ಮಾತು: ಹಲಗೆ ಅಂಟಿಸಿದ ಚಪ್ಪಲಿಯನ್ನು ಎಸೆದಿಲ್ಲ, ತಮ್ಮ ಜಾಗಕ್ಕೆ ಬರುವವರು ಎಷ್ಟು ಉದ್ದವಿದ್ದರೂ ದೂರು ಬರೆಯುವುದಿಲ್ಲ, ಬಂದರೆ ಸಾಕು. ನನ್ನ ಉಳಿಗಳನ್ನೆಲ್ಲ ಹೆಂಡತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಆ ಬೀರುವಿನ ಬಾಗಿಲಿಗೆ ಕೀಲು ಕೂರಿಸಿದವನು ನಾನೇ. ಹತ್ತೊಂಬತ್ತು ವರ್ಷವಾಯಿತು, ಇವತ್ತಿಗೂ ಒಂದು ಸಲ ಟಕ್ ಎಂದಿಲ್ಲ.